ಬರದ ಊರಿಗೆ ಏಳು ದಿನದ ಶಿಬಿರ: ಏನನ್ನು ಒಯ್ಯಬೇಕು, ಏನನ್ನು ಮಾಡಬೇಕು?

ತುಮಕೂರು ಉಪನ್ಯಾಸಕಿ | 18 ಮಾರ್ಚ್ 2024

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕದ ಹೊಣೆಯೂ ನನ್ನದೇ. ಈ ಸಲದ ವಿಶೇಷ ಶಿಬಿರವನ್ನು ಬರ ಬಿದ್ದ ಊರಿನಲ್ಲೇ ಮಾಡೋಣ ಎಂದು ವಿದ್ಯಾರ್ಥಿಗಳೇ ಪಟ್ಟು ಹಿಡಿದಿದ್ದಾರೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿವೆ, ಆದ್ದರಿಂದ ಊರು ಹುಡುಕುವುದು ಕಷ್ಟವಾಗಲಿಲ್ಲ. ನಮ್ಮ ವಿದ್ಯಾರ್ಥಿನಿಯೊಬ್ಬಳ ಊರು ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನಲ್ಲಿದೆ. ಅಲ್ಲಿಗೆ 50 ಮಂದಿ ಹೋಗಿ ಏಳು ದಿನ ಇರುವುದೆಂದು ಯೋಚನೆ.

ಮಕ್ಕಳು ಈಗಾಗಲೇ ಹಣ ಕೂಡಿಸುತ್ತಿದ್ದಾರೆ. ದಿನಸಿ ಕಿಟ್, ನೀರಿನ ಬಾಟಲಿ, ಹಳೆಯ ಬಟ್ಟೆ ಹಂಚುವುದು, ಊರ ಕೆರೆಯ ಹೂಳೆತ್ತುವುದು, ಸಸಿ ನೆಡುವುದು, ಒಂದು ಜಾಥಾ. ಪಟ್ಟಿ ಹೀಗಿದೆ. ಅಂಥ ಊರುಗಳಲ್ಲಿ ಬದುಕುತ್ತಿರುವವರು, ಕೆಲಸ ಮಾಡಿದವರು ಇದನ್ನು ನೋಡಿ ಮುಚ್ಚುಮರೆಯಿಲ್ಲದೆ ಹೇಳಿ. ಪಟ್ಟಿಯನ್ನು ಹರಿದುಹಾಕಿ ಎಂದರೂ ಬೇಸರವಿಲ್ಲ. ಮಕ್ಕಳ ಒಂದು ವಾರ ಊರಿಗೆ ನಿಜಕ್ಕೂ ಒದಗಬೇಕು, ನನಗೆ ಬೇಕಾದದ್ದು ಅಷ್ಟೇ.

ಎರೆಹೊಲದ ರೈತ | 18 ಮಾರ್ಚ್ 2024

ಮೇಡಂ, ನಾನು ಯಲಬುರ್ಗಾ ತಾಲ್ಲೂಕಿನವನೇ. ನಿಮ್ಮ ಮಕ್ಕಳ ಮನಸ್ಸು ದೊಡ್ಡದು, ಅದಕ್ಕೆ ಮೊದಲು ನಮಸ್ಕಾರ. ಆದರೆ ಬಾಟಲಿ ನೀರು ತರಬೇಡಿ. ಅದು ಒಂದು ಹೊತ್ತಿಗೆ ಮುಗಿಯುತ್ತದೆ, ಖಾಲಿ ಬಾಟಲಿ ಮಾತ್ರ ಹಳ್ಳದಲ್ಲಿ ಉಳಿಯುತ್ತದೆ. ಬಟ್ಟೆಯೂ ಬೇಡ. ಬರವೆಂದರೆ ನಾವು ಉಟ್ಟ ಬಟ್ಟೆಯನ್ನು ಕಳೆದುಕೊಂಡವರಲ್ಲ.

ಇಲ್ಲಿ ಏನಾಗಿದೆ ಎಂದು ಹೇಳುತ್ತೇನೆ. ಹೋದ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ಅತಿ ಹೆಚ್ಚು ಒಣಗಿದ ಆಗಸ್ಟ್ ಎಂದು ಹವಾಮಾನ ಇಲಾಖೆಯೇ ಹೇಳಿದೆ. ಮಸಾರಿ, ಅಂದರೆ ಕೆಂಪು ಮಣ್ಣಿನ, ಹೊಲದ ಸಜ್ಜೆ, ಹೆಸರು ಆಗಲೇ ಹೋದವು. ಹಿಂಗಾರಿ ಜೋಳ, ಕಡಲೆಯಾದರೂ ಕೈಹಿಡಿದಾವು ಎಂದು ಎರೆ, ಅಂದರೆ ಕಪ್ಪು ಮಣ್ಣಿನ, ಹೊಲಕ್ಕೆ ಬಿತ್ತಿದೆವು, ಹಿಂಗಾರು ಮಳೆಯೂ ಬರಲಿಲ್ಲ. ಜೋಳ ಹೋಯಿತೆಂದರೆ ಕಾಳು ಮಾತ್ರ ಹೋಗುವುದಿಲ್ಲ. ಕಣಿಕೆಯೂ, ಅಂದರೆ ಒಣಗಿದ ದಂಟೂ, ಹೋಗುತ್ತದೆ, ದನದ ವರ್ಷದ ಮೇವು ಹೋಗುತ್ತದೆ. ಪ್ರತಿ ವರ್ಷ ಹಿತ್ತಲಲ್ಲಿ ಬಣವೆ ಇರುತ್ತಿತ್ತು, ಈಗ ಬಣವೆ ಒಟ್ಟುವ ಜಾಗ ಖಾಲಿ ಬಿದ್ದಿದೆ.

ಹೋದ ವಾರ ದನದ ಸಂತೆಗೆ ಹೋಗಿದ್ದೆ. ಕೊಳ್ಳುವವರಿಗಿಂತ ಮಾರುವವರೇ ಹೆಚ್ಚು. ನನ್ನ ದಾಯಾದಿ ಒಬ್ಬರು ಎತ್ತಿನ ಜೋಡಿ ಹಿಡಿದುಕೊಂಡು ನಿಂತಿದ್ದರು. ದಲ್ಲಾಳಿ ಬಂದು ಬಾಯಿ ಬಿಡಿಸಿ ಹಲ್ಲು ನೋಡಿದ, ಪಕ್ಕೆಲುಬಿನ ಮೇಲೆ ಕೈ ಆಡಿಸಿದ, ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ದರ ಹೇಳಿದ. ಅವರು ಕೈಯನ್ನು ಕಿತ್ತುಕೊಂಡರು. ಸಂಜೆಯ ಹೊತ್ತಿಗೆ ಅದೇ ಬೆರಳಿಗೆ ಒಪ್ಪಿಕೊಂಡರು, ಏಕೆಂದರೆ ಮನೆಗೆ ಹೊಡೆದುಕೊಂಡು ಹೋದರೆ ಮರುದಿನ ಬೆಳಿಗ್ಗೆ ಹಾಕಲು ಏನೂ ಇರಲಿಲ್ಲ. ಜೂನ್‌ನಲ್ಲಿ ಮಳೆ ಬಂದರೆ ಅವರು ಕೂರಿಗೆ ಹೂಡುವುದು ಯಾವುದಕ್ಕೆ? ಟ್ರ್ಯಾಕ್ಟರ್ ಬಾಡಿಗೆಗೆ ಸಾಲ ಮಾಡಬೇಕು. ಒಂದು ವರ್ಷದ ಬರ ಹೀಗೆ ನಾಲ್ಕು ವರ್ಷದ ಬರವಾಗುತ್ತದೆ. ಮಾರ್ಚ್‌ನಿಂದ ಜೂನ್‌ವರೆಗೆ ಎತ್ತು ಕೊಟ್ಟಿಗೆಯಲ್ಲೇ ಉಳಿಯುವಂತೆ ಏನಾದರೂ ಮಾಡಲು ಆಗುವುದಾದರೆ ಅದನ್ನು ಮಾಡಿ. ಕೂಡಿದ ಹಣವನ್ನು ಮೇವಿಗೆ ಹಾಕಿ.

ಕುಷ್ಟಗಿ ಸಂಘದ ಅಕ್ಕ | 19 ಮಾರ್ಚ್ 2024

ರೈತಣ್ಣ ಹೇಳಿದ್ದು ನಿಜ. ನನ್ನದು ಬೇರೆ ಲೆಕ್ಕ. 50 ಹುಡುಗರು ಏಳು ದಿನ ಇರುತ್ತೀರಿ. ಕುಡಿಯಲು, ಅಡುಗೆಗೆ, ತೊಳೆಯಲು ಒಬ್ಬರಿಗೆ ದಿನಕ್ಕೆ 15 ಲೀಟರ್ ಎಂದೇ ಹಿಡಿಯಿರಿ. ವಿಪತ್ತಿನ ನಿರಾಶ್ರಿತರ ಶಿಬಿರಗಳಿಗೆ ಅಂತರರಾಷ್ಟ್ರೀಯ ಮಾನದಂಡ ಹೇಳುವ ಕನಿಷ್ಠ ಪ್ರಮಾಣ ಅದು. ಒಟ್ಟು 5,250 ಲೀಟರ್, ಅಂದರೆ ಒಂದು ಟ್ಯಾಂಕರ್ ನೀರು. ನಮ್ಮ ಓಣಿಯಲ್ಲಿ ನಲ್ಲಿ ಬರುವುದು ಯಾವ ಹೊತ್ತಿಗೋ, ರಾತ್ರಿ ಕೊಡಗಳನ್ನು ಸಾಲಾಗಿಟ್ಟು ಕಾಯುತ್ತೇವೆ. ಆ ಸಾಲಿನಲ್ಲಿ ನಿಮ್ಮ ಶಿಬಿರದ ಕೊಡವೂ ಬಂದು ನಿಂತರೆ ಹೇಗೆ? ಬಂದವರಿಗೆ ನೀರಿಲ್ಲ ಎನ್ನುವ ಬಾಯಿ ನಮ್ಮ ಹೆಂಗಸರಿಗಿಲ್ಲ. ತಮ್ಮ ಮನೆಯದನ್ನು ಬಸಿದಾದರೂ ಕೊಡುತ್ತಾರೆ. ಅದನ್ನು ತಿಳಿದೇ ನೀವು ಬರಬೇಕು.

ಇನ್ನೊಂದು ವಿಷಯ ಫೋಟೊ. ಕಿಟ್ ಕೊಡುವಾಗ ಎಂಟು ಜನ ನಿಂತು ಒಬ್ಬ ಮುದುಕಿಯ ಕೈಗೆ ಚೀಲ ಹಿಡಿಸಿ ಚಿತ್ರ ತೆಗೆಯುತ್ತಾರೆ. ನಮ್ಮ ಅತ್ತೆಯವರಿಗೆ ಹಾಗಾಯಿತು. ಚಿತ್ರ ಊರೂರು ಸುತ್ತಿ ಪುಣೆಯಲ್ಲಿ ದುಡಿಯುವ ಮಗನ ಮೊಬೈಲಿಗೂ ಬಂತು. "ನಾನು ಸತ್ತಿದ್ದೇನೆಯೇ, ನಮ್ಮವ್ವ ಯಾಕೆ ಬೇಡಿ ತಿನ್ನಬೇಕು" ಎಂದು ಫೋನಿನಲ್ಲಿ ಅತ್ತ. ಆ ಚೀಲದಲ್ಲಿದ್ದ ಅಕ್ಕಿ, ಬೇಳೆಯನ್ನು ಅತ್ತೆಯವರು ಮುಟ್ಟಲಿಲ್ಲ. ಮೇಡಂ, ನಿಮ್ಮ ಹುಡುಗರು ಮೊಬೈಲನ್ನು ಚೀಲದಲ್ಲಿಟ್ಟುಕೊಂಡೇ ಬರಲಿ.

ಬೆಂಗಳೂರು ಸ್ವಯಂಸೇವಕ | 19 ಮಾರ್ಚ್ 2024

ಅಕ್ಕನ ಮಾತು ಓದಿ ಮನಸ್ಸು ಭಾರವಾಯಿತು. ಆದರೂ ಕಿಟ್‌ಗಳ ಪರವಾಗಿ ಒಂದು ಮಾತು ಹೇಳಲೇಬೇಕು. 2019ರ ಮಲಪ್ರಭಾ, ಕೃಷ್ಣಾ ಪ್ರವಾಹದಲ್ಲಿ, 2020ರ ಲಾಕ್‌ಡೌನಿನಲ್ಲಿ ನಮ್ಮ ಗೆಳೆಯರ ಬಳಗ ಕಿಟ್ ಹಂಚಿದೆ. ಆಗ ಅದರಿಂದ ಜನರ ಒಲೆ ಉರಿದಿದೆ. ಹಸಿದವರಿಗೆ ಮೊದಲು ಅನ್ನ, ಉಳಿದದ್ದು ಆಮೇಲೆ ಅಲ್ಲವೇ? ಬೆಂಗಳೂರಿನಲ್ಲೇ ಈಗ ಕೊಳವೆಬಾವಿಗಳು ಬತ್ತಿ ಅಪಾರ್ಟ್‌ಮೆಂಟುಗಳು ಟ್ಯಾಂಕರ್‌ಗಾಗಿ ಕಾಯುತ್ತಿವೆ. ನಗರದವರಿಗೂ ಈ ಸಲ ಬರದ ಬಿಸಿ ತಾಗಿದೆ. ಕೊಡುವ ಮನಸ್ಸು ಇರುವಾಗಲೇ ಅದನ್ನು ಬಳಸಿಕೊಳ್ಳಬೇಕು.

ನಿವೃತ್ತ ಗ್ರಾಮ ಲೆಕ್ಕಿಗ | 20 ಮಾರ್ಚ್ 2024

ತಮ್ಮಾ, ಪ್ರವಾಹಕ್ಕೂ ಬರಕ್ಕೂ ಒಂದೇ ಅಳತೆ ಹಿಡಿಯಬೇಡಿ. ಪ್ರವಾಹ ಒಂದೇ ರಾತ್ರಿಯಲ್ಲಿ ಪಾತ್ರೆ, ಅಕ್ಕಿ, ಗೋಡೆ ಎಲ್ಲವನ್ನೂ ಒಯ್ಯುತ್ತದೆ. ಅಲ್ಲಿ ಕಿಟ್ ಬೇಕು. ಬರ ತಿಂಗಳುಗಟ್ಟಲೆ ನಿಧಾನವಾಗಿ ಬರುತ್ತದೆ. ಪಡಿತರದ ಅಕ್ಕಿ ಇನ್ನೂ ಬರುತ್ತಲೇ ಇರುತ್ತದೆ, ಕೈಯಲ್ಲಿ ಕಾಸು ಮಾತ್ರ ಇರುವುದಿಲ್ಲ. ಕಾಸು ಬರಬೇಕಾದ ದಾರಿಗಳಿವೆ, ಆ ದಾರಿಗಳೆಲ್ಲ ಕಾಗದದಲ್ಲಿ ಸಿಕ್ಕಿಕೊಂಡಿವೆ. ಮೇಡಂ ಅವರ 50 ಮಂದಿ ಓದಿದ ಮಕ್ಕಳು ನಿಜವಾಗಿ ಬೇಕಿರುವುದು ಅಲ್ಲಿ.

ವಿವರವಾಗಿ ಹೇಳುತ್ತೇನೆ, ದಯವಿಟ್ಟು ತಾಳ್ಮೆಯಿಂದ ಓದಿ. ವಿಪತ್ತು ಪರಿಹಾರ ನಿಧಿಯ ಮಾನದಂಡದ ಪ್ರಕಾರ ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿದ್ದರೆ ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಅದೂ 2 ಹೆಕ್ಟೇರ್‌ವರೆಗೆ ಮಾತ್ರ. ಕೇಂದ್ರದ ಹಣ ಇನ್ನೂ ಬಂದಿಲ್ಲ. ರಾಜ್ಯ ಸರ್ಕಾರ ಮೊದಲ ಕಂತೆಂದು ಜನವರಿಯಲ್ಲಿ ತಲಾ 2,000 ರೂಪಾಯಿವರೆಗೆ ಹಾಕಿತು. ಹಾಕುವುದು ಹೇಗೆ? ರೈತರನ್ನು ನೋಂದಾಯಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನಿಗೆ ಗುರುತಿನ ಸಂಖ್ಯೆ ಇರಬೇಕು, ಅದಕ್ಕೆ ಅವನ ಎಲ್ಲ ಸರ್ವೆ ನಂಬರುಗಳೂ ಸೇರಿರಬೇಕು, ಬೆಳೆ ಸಮೀಕ್ಷೆಯಲ್ಲಿ ಅವನ ಹೊಲದ ಬೆಳೆ ಸರಿಯಾಗಿ ದಾಖಲಾಗಿರಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಹಣ ಬರುವುದಿಲ್ಲ. ಏಕೆ ಬರಲಿಲ್ಲ ಎಂದು ಮನೆ ಬಾಗಿಲಿಗೆ ಬಂದು ಯಾರೂ ಹೇಳುವುದಿಲ್ಲ.

ನನ್ನ ಸೇವೆಯ ಕಾಲದಲ್ಲಿ ಹೆಚ್ಚು ಕಂಡ ತೊಡಕು ಹೆಸರಿನದು. ಪಹಣಿಯಲ್ಲಿ "ಬಸಪ್ಪ ತಂದೆ ಯಮನಪ್ಪ", ಆಧಾರ್‌ನಲ್ಲಿ "ಬಸವರಾಜ", ಬ್ಯಾಂಕಿನಲ್ಲಿ ಮನೆತನದ ಹೆಸರು ಸೇರಿಸಿ ಇನ್ನೊಂದು ಬಗೆ. ಮೂರೂ ಒಬ್ಬನೇ ಮನುಷ್ಯ ಎಂದು ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಎರಡನೆಯದು, ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇರುವುದು. ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿರುವುದಿಲ್ಲ, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹೊಲ ಹಂಚಿಕೊಂಡು ಉಳುತ್ತಿರುತ್ತಾರೆ. ಇನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹೊಲ ಮಾಡಿದವನ ಪಾಡಂತೂ ಕೇಳಲೇಬೇಡಿ. ಬೀಜ, ಗೊಬ್ಬರ, ಸಾಲ ಎಲ್ಲ ಅವನದು, ಪರಿಹಾರ ಮಾತ್ರ ಪಹಣಿಯಲ್ಲಿ ಹೆಸರಿದ್ದವನಿಗೆ.

ನಿಮ್ಮ ಮಕ್ಕಳು ಇಬ್ಬಿಬ್ಬರಾಗಿ ಮನೆಮನೆಗೆ ಹೋಗಿ ಪಹಣಿ, ಆಧಾರ್, ಪಾಸ್‌ಬುಕ್ ಮೂರನ್ನೂ ಒಟ್ಟಿಗೆ ಇಟ್ಟು ನೋಡಲಿ. ಎಲ್ಲಿ ಕೊಂಡಿ ಕಳಚಿದೆ ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆಯಲಿ. ಆ ಪಟ್ಟಿಯನ್ನು ರೈತ ಸಂಪರ್ಕ ಕೇಂದ್ರಕ್ಕೆ, ಗ್ರಾಮ ಆಡಳಿತ ಅಧಿಕಾರಿಗೆ, ಬ್ಯಾಂಕಿಗೆ ಬೇರೆ ಬೇರೆ ಮಾಡಿ ಕೊಡಲಿ. ಆಧಾರ್ ಸಂಖ್ಯೆಯನ್ನು ಮಾತ್ರ ಬರೆದುಕೊಳ್ಳಬಾರದು, ಚಿತ್ರವನ್ನೂ ತೆಗೆಯಬಾರದು. ಕಾಗದ ಮನೆಯವರ ಕೈಯಲ್ಲೇ ಇರಲಿ.

ಕಾಯಕ ಬಂಧು, ಗಂಗಾವತಿ ಕಡೆ | 20 ಮಾರ್ಚ್ 2024

ಹಿರಿಯರು ಹೇಳಿದ್ದು ಹೊಲ ಇದ್ದವರ ಮಾತು. ಹೊಲ ಇಲ್ಲದವರ ಮಾತು ನಾನು ಆಡುತ್ತೇನೆ. ಉದ್ಯೋಗ ಖಾತರಿ ಕೂಲಿ ಈಗ ದಿನಕ್ಕೆ 316 ರೂಪಾಯಿ. ಬರದ ವರ್ಷದಲ್ಲಿ ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ಊರು ಬಿಡದೆ ಸಿಗುವ ಕೂಲಿ ಅದೊಂದೇ. ಅವರು ಮಾಡುವ ಕೆಲಸ ಯಾವುದು ಗೊತ್ತೇ? ಕೆರೆ ಹೂಳೆತ್ತುವುದು, ಬದು ಹಾಕುವುದು. ಮೇಡಂ, ನಿಮ್ಮ 50 ಮಕ್ಕಳು ಬಂದು ಅದೇ ಕೆರೆಯ ಹೂಳನ್ನು ಪುಕ್ಕಟೆ ತೆಗೆದರೆ ಅದು ಅವರ ಕೂಲಿಯಿಂದ ತೆಗೆದ ಮಣ್ಣು. ನೀವು ಹಾಗೆ ನೆನೆಸಿರಲಿಲ್ಲ ಎಂದು ಗೊತ್ತು, ಆದರೆ ಪರಿಣಾಮ ಅದೇ. ಅಲ್ಲದೆ ಏಪ್ರಿಲ್ ಬಿಸಿಲಿನಲ್ಲಿ ಗುದ್ದಲಿ ಹಿಡಿದು ರೂಢಿ ಇಲ್ಲದವರು ಅರ್ಧ ಗಂಟೆಗೆ ನೆರಳು ಹುಡುಕುತ್ತಾರೆ.

ಬದಲಿಗೆ ನಮೂನೆ 6 ತುಂಬಿಸಿ. ಕೆಲಸ ಬೇಕು ಎಂದು ಪಂಚಾಯಿತಿಗೆ ಕೊಡುವ ಅರ್ಜಿ ಅದು. ಕೊಟ್ಟಮೇಲೆ ದಿನಾಂಕ ಹಾಕಿದ ಸ್ವೀಕೃತಿ ಪಡೆಯುವುದು ಕೂಲಿಕಾರರ ಹಕ್ಕು. 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂದು ಕಾನೂನಿನಲ್ಲೇ ಇದೆ. ಆ ಸ್ವೀಕೃತಿಯನ್ನು ಕೇಳಲು ನಮ್ಮವರಿಗೆ ಅಂಜಿಕೆ. ಕೇಳಿದರೆ "ನಾಳೆ ಬಾ" ಎನ್ನುತ್ತಾರೆ. ಓದಿದ ಹುಡುಗಿಯೊಬ್ಬಳು ಪಕ್ಕದಲ್ಲಿ ಸುಮ್ಮನೆ ನಿಂತರೂ ಸಾಕು, ಅದೇ ದಿನ ಮೊಹರು ಬೀಳುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪುಣೆ ಕನ್ನಡಿಗ | 21 ಮಾರ್ಚ್ 2024

ಶ್ರಮದಾನವನ್ನು ಇಷ್ಟು ಸುಲಭವಾಗಿ ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ನೀರು ಹೋಯಿತು. ಮೊದಲ ರೈಲಿನಲ್ಲಿ 10 ವ್ಯಾಗನ್, 5 ಲಕ್ಷ ಲೀಟರ್. ದೇಶವೆಲ್ಲ ಅದನ್ನೇ ನೋಡುತ್ತಿದ್ದ ಅದೇ ಬೇಸಿಗೆಯಲ್ಲಿ ಮಹಾರಾಷ್ಟ್ರದ ಮೂರು ತಾಲ್ಲೂಕುಗಳಲ್ಲಿ ಪಾನಿ ಫೌಂಡೇಶನ್ ಎಂಬ ಸಂಸ್ಥೆ ಊರುಗಳ ನಡುವೆ ಜಲಾನಯನ ಕೆಲಸದ ಸ್ಪರ್ಧೆ ಶುರು ಮಾಡಿತು. 2018ರ ಹೊತ್ತಿಗೆ ಅದು 75 ತಾಲ್ಲೂಕುಗಳಿಗೆ ಹಬ್ಬಿತ್ತು. ಆ ವರ್ಷದ ಮೇ 1ರಂದು ಪುಣೆ, ಮುಂಬೈಯಿಂದ ಸಾವಿರಾರು ಜನ ಹಳ್ಳಿಗಳಿಗೆ ಹೋಗಿ ಮಣ್ಣು ಹೊತ್ತರು. ನಾನೂ ಹೋಗಿದ್ದೆ. ನಮ್ಮಂಥವರು ಅಗೆದದ್ದು ಅಷ್ಟಕ್ಕಷ್ಟೇ, ಆದರೆ ಊರಿನವರಿಗೆ ಅದು ಹಬ್ಬವಾಯಿತು. ಮಾತು ಬಿಟ್ಟಿದ್ದ ಎರಡು ಬಣಗಳು ಒಂದೇ ಕಂದಕದಲ್ಲಿ ಇಳಿದವು.

ನಿಮ್ಮ ಕೊಪ್ಪಳದಲ್ಲೇ ನೋಡಿ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳವನ್ನು ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದಕ್ಕೆ ಸ್ವಚ್ಛ ಮಾಡಿಸಿದರು. ಅದಕ್ಕೂ ಮುಂಚೆ 2017ರಲ್ಲಿ ನಟ ಯಶ್ ಅವರ ಯಶೋಮಾರ್ಗ ಸಂಸ್ಥೆ ಯಲಬುರ್ಗಾ ತಾಲ್ಲೂಕಿನ ತಲ್ಲೂರು ಕೆರೆಯ ಹೂಳೆತ್ತಿಸಿತು. ಜನ ಸೇರಿದರೆ ಆಗುತ್ತದೆ.

ಕಾಯಕ ಬಂಧು, ಗಂಗಾವತಿ ಕಡೆ | 21 ಮಾರ್ಚ್ 2024

ಆಗುತ್ತದೆ, ಇಲ್ಲವೆನ್ನಲಿಲ್ಲ. ಆದರೆ ಆ ಕೆಲಸಗಳಲ್ಲಿ ಹೂಳೆತ್ತಿದ್ದು ಬಹುಪಾಲು ಯಂತ್ರಗಳು, ಅವುಗಳ ಡೀಸೆಲ್‌ಗೆ ಊರೂರಿನವರು, ಭಕ್ತರು ಹಣ ಹಾಕಿದರು. ಅಲ್ಲಿ ಊರಿನವರೇ ಯಜಮಾನರು. ಏಳು ದಿನಕ್ಕೆ ಬಂದ ಶಿಬಿರ ಯಜಮಾನನಾಗಲು ಸಾಧ್ಯವಿಲ್ಲ. ಇನ್ನೊಂದು ಮಾತು. ಹಳ್ಳವನ್ನು ಎಲ್ಲೆಂದರಲ್ಲಿ ಆಳ ಮಾಡುವುದೂ ಒಳ್ಳೆಯದಲ್ಲ. ಮಹಾರಾಷ್ಟ್ರ ಸರ್ಕಾರದ ಜಲಸಂರಕ್ಷಣೆಯ ಜಲಯುಕ್ತ ಶಿವಾರ್ ಯೋಜನೆಯಲ್ಲಿ ಹಾಗೆ ಮಾಡಿದ್ದನ್ನು ಭೂವಿಜ್ಞಾನಿಗಳೇ ಟೀಕಿಸಿದ್ದಾರೆ. ನೀರು ಇಂಗಬೇಕಾದದ್ದು ಮೇಲಿನ ಗುಡ್ಡದಲ್ಲಿ, ಹೊಲದ ಬದುವಿನಲ್ಲಿ.

ಮೈಸೂರು ಇತಿಹಾಸ ಮೇಷ್ಟ್ರು | 22 ಮಾರ್ಚ್ 2024

ಈ ಜಗಳ ನೂರೈವತ್ತು ವರ್ಷ ಹಳೆಯದು, ಆದ್ದರಿಂದ ಎರಡು ಮಾತು. ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876–78, ಮೈಸೂರು ಸಂಸ್ಥಾನವನ್ನು ಬರಿದು ಮಾಡಿತು. 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರ ಇದ್ದ ಜನ 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದರು. ಆಗಲೂ ಗಂಜಿ ಕೊಡಬೇಕೇ, ಕೆಲಸ ಕೊಡಬೇಕೇ ಎಂಬುದೇ ವಾದ. ಬಳ್ಳಾರಿ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಅಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಖರ್ಚು ಉಳಿಸಲು ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಚಿಲ್ಲರೆ ಕಾಸಿಗೆ ಇಳಿಸಿದ. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ, ಅದನ್ನು ತಿಂದು ಮಣ್ಣು ಹೊರಬೇಕು. ಬರದ ಕಾಲದಲ್ಲಿ ಕೂಲಿಯ ಮೇಲೆ ಕೈಯಿಡುವವರನ್ನು ಕಂಡರೆ ಜನರಿಗೆ ಸಿಟ್ಟು ಬರುವುದು ಇಂದು ನಿನ್ನೆಯದಲ್ಲ.

ಎನ್‌ಎಸ್‌ಎಸ್ ಬಗ್ಗೆಯೂ ಒಂದು ಸಂಗತಿ. 1969ರಲ್ಲಿ ಗಾಂಧಿ ಶತಮಾನೋತ್ಸವದ ವರ್ಷದಲ್ಲಿ ಶುರುವಾದ ಈ ಯೋಜನೆ 1973ರಲ್ಲಿ ದೇಶದಾದ್ಯಂತ ನಡೆಸಿದ ಶಿಬಿರಗಳ ಹೆಸರೇ "ಕ್ಷಾಮದ ವಿರುದ್ಧ ಯುವಜನತೆ". 1972ರ ಭೀಕರ ಬರದ ಬೆನ್ನಿಗೇ ಅದು ನಡೆಯಿತು. ಮೇಡಂ, ನಿಮ್ಮ ಮಕ್ಕಳು ಹೊರಟಿರುವ ದಾರಿಯಲ್ಲಿ ಹಿಂದೆ ನಡೆದವರು ಇದ್ದಾರೆ, ಅದನ್ನು ಅವರಿಗೆ ತಿಳಿಸಿ.

ಯಾದಗಿರಿ ತಾಂಡಾ ಶಿಕ್ಷಕಿ | 22 ಮಾರ್ಚ್ 2024

ದನ, ಹೊಲ, ಕೂಲಿ ಎಲ್ಲವೂ ಬಂತು. ಮಕ್ಕಳ ಮಾತನ್ನು ಯಾರೂ ಎತ್ತಲಿಲ್ಲ.

ನಮ್ಮ ತಾಂಡಾದಲ್ಲಿ ದೀಪಾವಳಿ ಮುಗಿಯುತ್ತಿದ್ದಂತೆ ಗುಳೆ ಶುರುವಾಯಿತು. ಬೆಂಗಳೂರು, ಮುಂಬೈ, ಪುಣೆ. ಕಟ್ಟಡ ಕೆಲಸಕ್ಕೆ ಗಂಡ ಹೆಂಡತಿ ಇಬ್ಬರೂ ಹೋಗುತ್ತಾರೆ, ಎದೆಹಾಲಿನ ಕೂಸನ್ನು ಒಯ್ಯುತ್ತಾರೆ, ಸ್ವಲ್ಪ ದೊಡ್ಡ ಹುಡುಗಿಯನ್ನೂ ಆ ಕೂಸನ್ನು ನೋಡಿಕೊಳ್ಳಲು ಒಯ್ಯುತ್ತಾರೆ. ಅವಳೇ ನನ್ನ ನಾಲ್ಕನೇ ತರಗತಿಯ ಚುರುಕಾದ ವಿದ್ಯಾರ್ಥಿನಿ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ನವೆಂಬರ್‌ನಿಂದ ಗೆರೆ ಎಳೆಯುತ್ತಾ ಬಂದಿದ್ದೇನೆ. ಉಳಿದವರು ಅಜ್ಜಿಯ ಜೊತೆ ಇರುವ ಮಕ್ಕಳು. ಅವರಿಗೆ ದಿನದ ಗಟ್ಟಿ ಊಟ ಶಾಲೆಯ ಬಿಸಿಯೂಟ ಒಂದೇ. ರಜೆ ಬಂದರೆ ಅದೂ ನಿಲ್ಲುತ್ತದೆ ಎಂಬ ಭಯವಿತ್ತು. ಬರದ ಪ್ರದೇಶದಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಸ್ವರಾಜ್ ಅಭಿಯಾನದ ಪ್ರಕರಣದಲ್ಲಿ ಹೇಳಿದೆ. ಈ ಸಲ ನಮ್ಮಲ್ಲೂ ರಜೆಯ ಬಿಸಿಯೂಟಕ್ಕೆ ತಯಾರಿ ನಡೆದಿದೆ.

ಆದರೆ ಊಟ ಇದೆ ಎಂದಮಾತ್ರಕ್ಕೆ ಮಕ್ಕಳು ಬರುವುದಿಲ್ಲ. ಶಾಲೆಯಲ್ಲಿ ಪಾಠವಿಲ್ಲ, ಗೆಳೆಯರಿಲ್ಲ, ಬಿಸಿಲಿನಲ್ಲಿ ತಟ್ಟೆ ಹಿಡಿದು ಹೋಗಲು ದೊಡ್ಡ ಮಕ್ಕಳಿಗೆ ನಾಚಿಕೆ. ಊಟಕ್ಕೆ ಮುಂಚೆ ಎರಡು ಗಂಟೆ ಕಥೆ ಓದುವುದು, ಚಿತ್ರ ಬರೆಸುವುದು, ಲೆಕ್ಕದ ಆಟ ಆಡಿಸುವುದು ಮಾಡಿದರೆ ಅವರು ಕಥೆಗೆಂದು ಬರುತ್ತಾರೆ, ಊಟ ಮಾಡಿ ಹೋಗುತ್ತಾರೆ. ಏಳು ದಿನ ಸಾಲದು. ಎರಡು ತಿಂಗಳು, ಊರಿನದೇ ಒಬ್ಬಿಬ್ಬರು ಪಿಯುಸಿ ಹುಡುಗಿಯರು ಇದನ್ನು ನಡೆಸಬಲ್ಲರು. ನಿಮ್ಮವರು ಬಂದು ಅವರಿಗೆ ಕಲಿಸಿ, ಪುಸ್ತಕ ಕೊಟ್ಟು ಹೋಗಲಿ.

ಬೆಂಗಳೂರು ಸ್ವಯಂಸೇವಕ | 22 ಮಾರ್ಚ್ 2024

ಟೀಚರ್, ಇದನ್ನು ನಾವು ಮಾಡಬಲ್ಲೆವು. ನಮ್ಮ ಬಳಗದ ಹಣ ಪುಸ್ತಕಕ್ಕೆ, ಆ ಪಿಯುಸಿ ಹುಡುಗಿಯರ ಗೌರವಧನಕ್ಕೆ ಹೋಗಲಿ. ನೀವು ಹೇಳಿದ ಶಾಲೆಗೆ, ನೀವು ಹೇಳಿದ ಪುಸ್ತಕಗಳೇ ಬರುತ್ತವೆ.

ಪಾವಗಡದ ಓದುಗ | 23 ಮಾರ್ಚ್ 2024

ತುಮಕೂರಿನಿಂದ ಯಲಬುರ್ಗಾಕ್ಕೆ 50 ಜನರನ್ನು ಹೊತ್ತೊಯ್ಯುವ ಬಸ್ ಬಾಡಿಗೆಯಲ್ಲಿ ಎಷ್ಟು ಮೇವು ಬರುತ್ತದೆ? ನಿಮ್ಮದೇ ಜಿಲ್ಲೆಯಲ್ಲಿ ಪಾವಗಡವಿದೆ ಮೇಡಂ. ಬರ ನಮಗೆ ನೆಂಟನಲ್ಲ, ಮನೆಯವನೇ. ಶೇಂಗಾ ಹೋಯಿತು, ಕೊಳವೆಬಾವಿಯಲ್ಲಿ ಬರುವ ನೀರಿನಲ್ಲಿ ಫ್ಲೋರೈಡ್, ಅದನ್ನು ಕುಡಿದವರ ಹಲ್ಲು ಮೂಳೆ ನೋಡಿದರೆ ಗೊತ್ತಾಗುತ್ತದೆ. ತಿರುಮಣಿ ಕಡೆಯ ಸೌರ ಪಾರ್ಕ್‌ಗೆ ಸುಮಾರು 13,000 ಎಕರೆ ಗುತ್ತಿಗೆಗೆ ಹೋಯಿತು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಹೊಲ ಇದ್ದವರಿಗೆ ಬರದಲ್ಲೂ ಬಾಡಿಗೆ ಬರುತ್ತದೆ, ಅದು ಒಳ್ಳೆಯದೇ. ಆ ಹೊಲಗಳಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಬದುಕುತ್ತಿದ್ದವರಿಗೆ ಏನೂ ಇಲ್ಲ. ಅಂಥವರ ಮನೆಗಳಿಗೆ ಮೊದಲು ಹೋಗಬೇಕು.

ತುಮಕೂರು ಉಪನ್ಯಾಸಕಿ | 25 ಮಾರ್ಚ್ 2024

ಎಲ್ಲವನ್ನೂ ಓದಿದೆ, ಮಕ್ಕಳಿಗೂ ತರಗತಿಯಲ್ಲಿ ಓದಿ ಹೇಳಿದೆ. ಅಕ್ಕನವರ ಟ್ಯಾಂಕರ್ ಲೆಕ್ಕಕ್ಕೆ ಬಂದಾಗ ಯಾರೂ ಮಾತಾಡಲಿಲ್ಲ. ಆಮೇಲೆ ಒಂದು ಗಂಟೆ ಜೋರಾಗಿ ಚರ್ಚೆಯಾಯಿತು.

ತೀರ್ಮಾನ ಹೀಗೆ. 50 ಮಂದಿ ಒಂದೇ ಊರಿಗೆ ಹೋಗುವುದಿಲ್ಲ. ದೊಡ್ಡ ಶಿಬಿರ ಪಾವಗಡ ತಾಲ್ಲೂಕಿನಲ್ಲಿ, ಮೂರು ಊರುಗಳಿಗೆ ಹಂಚಿಕೊಂಡು. ನೀರನ್ನು ನಮ್ಮ ಟ್ಯಾಂಕರ್‌ನಲ್ಲೇ ತರಿಸಿಕೊಳ್ಳುತ್ತೇವೆ. ಯಲಬುರ್ಗಾಕ್ಕೆ ಆ ಊರಿನ ವಿದ್ಯಾರ್ಥಿನಿ ಮತ್ತು ಅವಳ ನಾಲ್ವರು ಗೆಳತಿಯರು ಮಾತ್ರ ಹೋಗುತ್ತಾರೆ, ಅವಳ ಮನೆಯಲ್ಲೇ ಇರುತ್ತಾರೆ, ರಜೆಯುದ್ದಕ್ಕೂ. ಕೆಲಸ ಕಾಗದ ನೋಡುವುದು, ನಮೂನೆ 6, ಬೆಳಗಿನ ಕಥೆ ಓದು. ಹಣವೆಲ್ಲ ಮೇವಿಗೆ. ಕ್ಯಾಮೆರಾ ಇಲ್ಲ. ವರದಿಗೆ ಚಿತ್ರ ಬೇಕಾದರೆ ನೋಟ್‌ಬುಕ್‌ನ ಪುಟದ ಚಿತ್ರ ಹಾಕುತ್ತೇನೆ, ಹೆಸರು ಮುಚ್ಚಿ.

ಒಂದು ಪ್ರಶ್ನೆ ಉಳಿದಿದೆ. ಲೋಕಸಭಾ ಚುನಾವಣೆಯ ನೀತಿ ಸಂಹಿತೆ 16ರಿಂದಲೇ ಜಾರಿಯಲ್ಲಿದೆ. ಮೇವಿನ ಲಾರಿಯನ್ನು ದಾರಿಯಲ್ಲಿ ತಡೆದರೆ?

ನಿವೃತ್ತ ಗ್ರಾಮ ಲೆಕ್ಕಿಗ | 25 ಮಾರ್ಚ್ 2024

ತಹಶೀಲ್ದಾರರಿಗೆ ಮುಂಚಿತವಾಗಿ ಬರೆದುಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ಮೇವಿನ ಖರೀದಿ ಬಿಲ್ಲು ಲಾರಿಯಲ್ಲೇ ಇರಲಿ. 50,000 ರೂಪಾಯಿಗಿಂತ ಹೆಚ್ಚು ನಗದು ಒಯ್ಯಬೇಡಿ, ದಾಖಲೆ ಇಲ್ಲದಿದ್ದರೆ ಚೆಕ್‌ಪೋಸ್ಟ್‌ನಲ್ಲಿ ವಶಪಡಿಸಿಕೊಳ್ಳುತ್ತಾರೆ. ಹಂಚುವಾಗ ಯಾವ ಪಕ್ಷದವರೂ, ಊರ ಮುಖಂಡರೂ ಪಕ್ಕದಲ್ಲಿ ನಿಲ್ಲದಂತೆ ನೋಡಿಕೊಳ್ಳಿ. ಬ್ಯಾನರ್ ಬೇಡವೇ ಬೇಡ. ತಾಲ್ಲೂಕಿನ ಮೇವು ಬ್ಯಾಂಕ್‌ನಲ್ಲಿ ರಿಯಾಯಿತಿ ದರದ ಮೇವು ಇದ್ದರೆ ಅದನ್ನು ಪಡೆಯಲು ಬೇಕಾದ ಕಾಗದವನ್ನೂ ಮಕ್ಕಳೇ ಮಾಡಿಸಿಕೊಡಲಿ, ಆಗ ನಿಮ್ಮ ಹಣ ಇನ್ನಷ್ಟು ದನಗಳಿಗೆ ಸಾಲುತ್ತದೆ.

ಎರೆಹೊಲದ ರೈತ | 26 ಮಾರ್ಚ್ 2024

ಮೇವು ಹಂಚುವಾಗ ಒಂದು ಮಾತು. ಎಲ್ಲರಿಗೂ ಸಮ ಹಂಚುತ್ತೇವೆ ಎಂದರೆ ಹತ್ತು ದನ ಇದ್ದವನಿಗೂ, ಒಂದು ಜೋಡಿ ಎತ್ತು ಇದ್ದವನಿಗೂ ಒಂದೇ ಹೊರೆ ಸಿಗುತ್ತದೆ, ಯಾರಿಗೂ ಸಾಲುವುದಿಲ್ಲ. ಒಂದೇ ಜೋಡಿ ಇದ್ದು ಅದನ್ನೇ ಮಾರಲು ಹೊರಟವರನ್ನು ಮೊದಲು ಹಿಡಿಯಿರಿ. ಅವರು ಯಾರೆಂದು ಪಂಚಾಯಿತಿಯಲ್ಲಿ ಕೇಳಬೇಡಿ. ಊರಿನ ಹಿಟ್ಟಿನ ಗಿರಣಿಯವನನ್ನು ಕೇಳಿ. ಯಾರ ಮನೆಯಿಂದ ಬುಟ್ಟಿ ಬರುವುದು ನಿಂತಿದೆ ಎಂದು ಅವನಿಗೆ ಗೊತ್ತಿರುತ್ತದೆ.

ತುಮಕೂರು ಉಪನ್ಯಾಸಕಿ | 14 ಮೇ 2024

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಪಾವಗಡದ ಶಿಬಿರ ಮುಗಿಯಿತು, ಯಲಬುರ್ಗಾದ ಹುಡುಗಿಯರು ಇನ್ನೂ ಅಲ್ಲೇ ಇದ್ದಾರೆ.

ಹಿಟ್ಟಿನ ಗಿರಣಿಯ ಮಾತು ಅಕ್ಷರಶಃ ನಿಜವಾಯಿತು. ಪಂಚಾಯಿತಿ ಕೊಟ್ಟ ಪಟ್ಟಿಯಲ್ಲಿ ಇಲ್ಲದ ಹಲವು ಮನೆಗಳು ಗಿರಣಿಯವರ ಬಾಯಲ್ಲಿ ಬಂದವು. ಕಾಗದದ ಕೆಲಸ ನಾವು ಎಣಿಸಿದ್ದಕ್ಕಿಂತ ನಿಧಾನ. ಒಂದು ಮನೆಯಲ್ಲಿ ಪಾಸ್‌ಬುಕ್ ಹುಡುಕಲು ಪೆಟ್ಟಿಗೆ ತೆಗೆಯುವುದು, ಅದರೊಳಗಿನ ಮದುವೆಯ ಸೀರೆ ತೋರಿಸುವುದು, ಚಹಾ ಕುಡಿಯಲೇಬೇಕೆಂಬ ಒತ್ತಾಯ, ಆಮೇಲೆ ಪಹಣಿ. ಮೊದಲ ಎರಡು ದಿನ ಮಕ್ಕಳು ಚಡಪಡಿಸಿದರು, ಮೂರನೆಯ ದಿನದಿಂದ ಅವರೇ ಕುಳಿತು ಕೇಳತೊಡಗಿದರು.

ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋದಮೇಲೆ ಏಪ್ರಿಲ್ ಕೊನೆಗೆ ಕೇಂದ್ರದಿಂದ 3,454 ಕೋಟಿ ರೂಪಾಯಿ ಬಿಡುಗಡೆಯಾಯಿತಲ್ಲ. ರಾಜ್ಯ ಕೇಳಿದ್ದು 18,171 ಕೋಟಿ. ಈಗ ಮೊದಲಿನ 2,000 ಕಳೆದು ಉಳಿದ ಹಣ ರೈತರ ಖಾತೆಗೆ ಬೀಳುತ್ತಿದೆ. ನಮ್ಮ ನೋಟ್‌ಬುಕ್‌ನಲ್ಲಿ ಕೊಂಡಿ ಕಳಚಿದೆ ಎಂದು ಬರೆದಿದ್ದ ಮನೆಗಳಲ್ಲಿ ಸರಿಪಡಿಸಲು ಸಾಧ್ಯವಾದವರಿಗೆ ಹಣ ಬಂದಿದೆ. ಪೌತಿ ಖಾತೆಯವರಿಗೆ ಬಂದಿಲ್ಲ. ಲಾವಣಿಯವರಿಗೆ ಬರುವುದೂ ಇಲ್ಲ, ಅದಕ್ಕೆ ನಮ್ಮ ಬಳಿ ಯಾವ ಉತ್ತರವೂ ಇರಲಿಲ್ಲ. ಇಬ್ಬರು ಹೊಲದ ಮಾಲೀಕರು ಮಾತ್ರ ತಮಗೆ ಬಂದದ್ದರಲ್ಲಿ ಅರ್ಧವನ್ನು ಲಾವಣಿ ಮಾಡಿದವರಿಗೆ ಕೊಟ್ಟರು, ಯಾರೂ ಕೇಳದೆಯೇ.

ಈಗಿನ ತೊಂದರೆ ಬೇರೆ. ಯಲಬುರ್ಗಾದಿಂದ ಹುಡುಗಿಯರು ಫೋನ್ ಮಾಡಿದ್ದರು. ಒಂದು ಬ್ಯಾಂಕ್ ಶಾಖೆಯಲ್ಲಿ ಪರಿಹಾರದ ಹಣವನ್ನು ಹಳೆಯ ಬೆಳೆ ಸಾಲಕ್ಕೆ ಜಮಾ ಮಾಡಿಕೊಂಡಿದ್ದಾರಂತೆ. ಏನು ಮಾಡಬೇಕು?

ನಿವೃತ್ತ ಗ್ರಾಮ ಲೆಕ್ಕಿಗ | 14 ಮೇ 2024

ಹಾಗೆ ಮಾಡುವಂತಿಲ್ಲ. ಪರಿಹಾರದ ಹಣವನ್ನು ಸಾಲಕ್ಕೆ ಹೊಂದಿಸಿಕೊಳ್ಳಬಾರದೆಂದು ಸರ್ಕಾರ ಜಿಲ್ಲಾಧಿಕಾರಿಗಳ ಮೂಲಕ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿದೆ. ಹುಡುಗಿಯರು ಜಗಳ ಮಾಡುವುದು ಬೇಡ. ಪಾಸ್‌ಬುಕ್‌ನಲ್ಲಿ ಜಮಾ ಮತ್ತು ಕಡಿತದ ಎರಡೂ ಸಾಲು ಮುದ್ರಿಸಿಕೊಳ್ಳಲಿ, ರೈತನ ಸಹಿಯ ಅರ್ಜಿಯನ್ನು ಶಾಖಾ ವ್ಯವಸ್ಥಾಪಕರಿಗೆ ಕೊಡಲಿ, ಪ್ರತಿ ತಹಶೀಲ್ದಾರರಿಗೆ, ಇನ್ನೊಂದು ಪ್ರತಿ ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಅಗ್ರಣಿ ಬ್ಯಾಂಕಿಗೆ. ಒಬ್ಬೊಬ್ಬರದೇ ಬೇಡ, ಊರಿನ ಅಂಥ ಎಲ್ಲರ ಅರ್ಜಿಗಳನ್ನು ಒಂದೇ ದಿನ ಕೊಡಲಿ.

ಯಲಬುರ್ಗಾ ವಿದ್ಯಾರ್ಥಿನಿ | 28 ಮೇ 2024

ಮೇಡಂ ಹೇಳಿದ್ದಕ್ಕೆ ನಾನೇ ಬರೆಯುತ್ತಿದ್ದೇನೆ. ಅಜ್ಜನವರು ಹೇಳಿದಂತೆ ಎಲ್ಲ ಅರ್ಜಿಗಳನ್ನು ಒಟ್ಟಿಗೆ ಕೊಟ್ಟೆವು. ಕಡಿತವಾದ ಹಣ ವಾಪಸ್ ಬಂದಿದೆ, ಒಬ್ಬರದು ಬಿಟ್ಟು. ಅವರದಕ್ಕಾಗಿ ಇನ್ನೂ ಓಡಾಡುತ್ತಿದ್ದೇವೆ.

ನಮೂನೆ 6ರ ಸ್ವೀಕೃತಿ ಪಡೆದ ಹೆಂಗಸರಿಗೆ ಬದುವಿನ ಕೆಲಸ ಸಿಕ್ಕಿತು. ಕೂಲಿ ಏಪ್ರಿಲ್‌ನಿಂದ 349 ಆಗಿದೆ. ಕಥೆ ಓದಿಗೆ ಮೊದಲು ಚಿಕ್ಕ ಮಕ್ಕಳು ಬಂದರು, ಆಮೇಲೆ ಅವರ ಅಜ್ಜಿಯರೂ ಬಂದು ಗೋಡೆಗೆ ಒರಗಿ ಕೂರುತ್ತಿದ್ದರು. ಗುಳೆ ಹೋದವರಲ್ಲಿ ಕೆಲವರು ಮತ ಹಾಕಲು ಬಂದವರು ಮತ್ತೆ ಹೋಗಿಲ್ಲ, ಮುಂಗಾರಿಗಾಗಿ ಕಾಯುತ್ತಿದ್ದಾರೆ.

ನನ್ನದೇ ಊರಾದರೂ ಈ ಓಣಿಗಳಲ್ಲಿ ಕೆಲವಕ್ಕೆ ನಾನು ಮೊದಲ ಸಲ ಕಾಲಿಟ್ಟೆ. ನನ್ನ ಮನೆಯವರು ಅಲ್ಲಿಗೆ ಹೋಗುವವರಲ್ಲ. ಮೊದಲ ವಾರ ಮನೆಯಲ್ಲಿ ಮಾತು ಬಂತು, ಈಗ ಅಪ್ಪನೇ ಅರ್ಜಿ ಬರೆಯಲು ಕೂರುತ್ತಾರೆ.

ಜೂನ್ ಮಧ್ಯದಲ್ಲಿ ಕಾಲೇಜು ಶುರುವಾಗುತ್ತದೆ, ನಾನು ತುಮಕೂರಿಗೆ ಹೋಗಬೇಕು. ಬೆಳೆ ವಿಮೆ ಕಟ್ಟಲು ಜುಲೈವರೆಗೆ ಸಮಯವಿರುತ್ತದೆ, ಮುಂಗಾರು ಬೆಳೆಗೆ ರೈತರ ಪಾಲು ಶೇ 2. ಆಮೇಲೆ ಬೆಳೆ ಸಮೀಕ್ಷೆ. ಅದನ್ನು ಹೊಲ ಹೊಲಕ್ಕೆ ಹೋಗಿ ಆ್ಯಪ್‌ನಲ್ಲಿ ದಾಖಲಿಸುವವರು ಊರಿನದೇ ಓದಿದ ಹುಡುಗರು. ಹೋದ ವರ್ಷ ನಮ್ಮ ಊರಿನ ಒಂದಷ್ಟು ಸಜ್ಜೆ ಹೊಲಗಳು ಪಾಳು ಎಂದು ದಾಖಲಾಗಿ ಪರಿಹಾರ ತಪ್ಪಿತ್ತು. ಈ ಸಲ ಆ ಹುಡುಗರ ಜೊತೆ ಮೊದಲೇ ಕುಳಿತು ಮಾತಾಡಬೇಕೆಂದಿದ್ದೇವೆ. ನಾನು ಇಲ್ಲದಾಗ ನಮ್ಮ ನೋಟ್‌ಬುಕ್ ಇಟ್ಟುಕೊಳ್ಳಲು ಊರಿನ ಇಬ್ಬರು ಒಪ್ಪಿದ್ದಾರೆ. ಸಮೀಕ್ಷೆಯಲ್ಲಿ ತಪ್ಪಾದರೆ ಆಕ್ಷೇಪಣೆ ಸಲ್ಲಿಸುವುದು ಹೇಗೆಂದು ಅವರಿಗೆ ಯಾರಾದರೂ ಹೇಳಿಕೊಡುತ್ತೀರಾ?

ನಿವೃತ್ತ ಗ್ರಾಮ ಲೆಕ್ಕಿಗ | 28 ಮೇ 2024

ನಾನೇ ಬರುತ್ತೇನೆ ಮಗಳೇ. ಮುಂದಿನ ಸೋಮವಾರ ಬೆಳಗಿನ ಬಸ್ಸಿಗೆ. ಆ ಇಬ್ಬರನ್ನೂ, ಸಮೀಕ್ಷೆ ಮಾಡುವ ಹುಡುಗರನ್ನೂ ಶಾಲೆಯ ಹತ್ತಿರ ಬರಹೇಳು. ಹೋದ ವರ್ಷ ಪಾಳು ಎಂದು ಬಂದ ಸರ್ವೆ ನಂಬರುಗಳ ಪಟ್ಟಿ ಸಿದ್ಧವಿರಲಿ.